ಮರುಜೋಡಣೆಯಲ್ಲಿ ಮಂಡಿಯನ್ನು ತೆರೆಯುವ ಬಗೆ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ರೋಗಿಗಳ ನೆಲೆಯಿಂದ

ಕೃತಕ ಮಂಡಿ ಸಡಿಲವಾದಾಗ, ಸವೆದಾಗ ಅಥವಾ ಅದಕ್ಕೆ ಸೋಂಕು ತಗುಲಿದಾಗ ನಡೆಸುವ ಮರುಶಸ್ತ್ರಚಿಕಿತ್ಸೆಯ ಚರ್ಚೆ ಹೆಚ್ಚಾಗಿ ಹೊಸ ಕೀಲಿನ ಸುತ್ತಲೇ ನಡೆಯುತ್ತದೆ. ಹಳೆಯ ಕೀಲಿನವರೆಗೆ ತಲುಪುವುದೇ ಅದಕ್ಕಿಂತ ಮೊದಲಿನ ಕಷ್ಟ. ಗಾಯ ಮಾಗಿ ಬಿಗಿದ ಅಂಗಾಂಶ ಸಂದುಗಳನ್ನೆಲ್ಲ ತುಂಬಿ ಮಂಡಿಚಿಪ್ಪನ್ನು (ಪಟೆಲ್ಲಾ) ಅಲುಗಾಡದಂತೆ ಹಿಡಿದಿರುತ್ತದೆ. ಇಂಥ ಮಂಡಿಯನ್ನು ಬಲವಂತವಾಗಿ ಮಡಚಿದರೆ ಚಿಪ್ಪಿನ ಕೆಳಗಿನ ಪಟೆಲ್ಲಾ ಸ್ನಾಯುರಜ್ಜು ಟಿಬಿಯಾದ (ಮಂಡಿಯ ಕೆಳಗಿನ ದೊಡ್ಡ ಮೂಳೆಯ) ಉಬ್ಬಿನಿಂದ ಕಿತ್ತು ಬರಬಹುದು. ಹಾಗೆ ಕಿತ್ತದ್ದನ್ನು ಹೊಲಿದರೂ ಕಾಲು ನೀಡುವ ಮೊದಲಿನ ಬಲ ಮರಳುವುದು ಅಪರೂಪ.

ಈ ಬಲ ಯಾರಿಗೆ ಎಷ್ಟು ಬೇಕೆಂಬುದು ಅವರ ಊರನ್ನೂ ಅವಲಂಬಿಸಿದೆ. ಡೊಂಬಿವಲಿ, ಕಲ್ಯಾಣಗಳ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದವು ಬಹಳ. ಲೋಕಲ್ ರೈಲು ಹಿಡಿಯಬೇಕೆಂದರೆ ಹಲವು ಕಡೆ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ಕರಾವಳಿಯಿಂದ ಬಂದು ಹೋಟೆಲು, ಕಚೇರಿಗಳಲ್ಲಿ ದುಡಿದು ಇಲ್ಲೇ ನೆಲೆನಿಂತ ಕನ್ನಡ, ತುಳು ಮನೆಗಳ ಹಿರಿಯರಿಗೆ ಪೂಜೆಗೂ ಭಜನೆಗೂ ನೆಲದ ಮೇಲೆ ಕೂರುವ ಅಭ್ಯಾಸ. ಆದ್ದರಿಂದ ಮಂಡಿಯನ್ನು ಯಾವ ಬಗೆಯಲ್ಲಿ ತೆರೆಯಬೇಕೆಂಬ ತೀರ್ಮಾನದಲ್ಲಿ ಮೆಟ್ಟಿಲು ಮತ್ತು ನೆಲ ಎರಡೂ ಲೆಕ್ಕಕ್ಕೆ ಬರಬೇಕೆಂಬುದು ಈ ಲೇಖನದ ವಾದ.

ಚರ್ಮದಿಂದಲೇ ಎಚ್ಚರ ಶುರುವಾಗಬೇಕು. ಮಂಡಿಯ ಮುಂಭಾಗದ ಚರ್ಮಕ್ಕೆ ರಕ್ತ ಹೆಚ್ಚಾಗಿ ಒಳಮಗ್ಗುಲಿಂದ ಬರುತ್ತದೆ. ಹಾಗಾಗಿ ಹಳೆಯ ಉದ್ದ ಗಾಯದ ಗುರುತುಗಳು ಒಂದಕ್ಕಿಂತ ಹೆಚ್ಚಿದ್ದರೆ, ಕೆಲಸಕ್ಕೆ ಒದಗುವವುಗಳಲ್ಲಿ ಅತಿ ಹೊರಗಿನದನ್ನೇ ಆರಿಸಬೇಕು. ಅಡ್ಡ ಗುರುತು ಇದ್ದರೆ ಅದನ್ನು ಲಂಬಕೋನದಲ್ಲಿ ದಾಟಬೇಕು. ಒಳಗೆ ಸಾಮಾನ್ಯವಾಗಿ ಹಿಡಿಯುವುದು ಚಿಪ್ಪಿನ ಒಳಮಗ್ಗುಲ ದಾರಿಯನ್ನೇ. ಚಿಪ್ಪಿನ ಮೇಲಿನ ಚೀಲವನ್ನೂ ಎರಡೂ ಬದಿಯ ಸಂದುಗಳನ್ನೂ ಬಿಡಿಸಿ, ಪಟೆಲ್ಲಾ ರಜ್ಜುವಿನ ಹಿಂದಿನ ಗಂಟುಗಟ್ಟಿದ ಭಾಗವನ್ನು ತೆಗೆದು, ಟಿಬಿಯಾದ ಒಳಮಗ್ಗುಲ ಹೊದಿಕೆಯನ್ನು ಹಿಂಬದಿಯ ಮೂಲೆಯವರೆಗೆ ಎಬ್ಬಿಸಿ ಕಾಲನ್ನು ಹೊರಕ್ಕೆ ತಿರುಗಿಸಿದರೆ ಉಬ್ಬು ಹೊರಗೆ ಸರಿದು ರಜ್ಜುವಿನ ಎಳೆತ ಇಳಿಯುತ್ತದೆ. ಹಳೆಯ ಕೀಲಿನ ಪಾಲಿಎಥಿಲೀನ್ ಬಿಲ್ಲೆಯನ್ನು ತೆಗೆದೊಡನೆ ಇನ್ನಷ್ಟು ಸಡಿಲ ಸಿಗುತ್ತದೆ. ಚಿಪ್ಪನ್ನು ಮಗುಚಲೇಬೇಕೆಂಬ ಹಟ ಬೇಡ, ಬದಿಗೆ ಸರಿಸಿದರೆ ಸಾಕು. ತಾಳ್ಮೆಯಿಂದ ಮಾಡಿದರೆ ಬಹುಪಾಲು ಮಂಡಿಗಳು ಇಷ್ಟಕ್ಕೇ ತೆರೆದುಕೊಳ್ಳುತ್ತವೆ. ಈ ಹಂತದಲ್ಲಿ ಅರ್ಧ ಗಂಟೆ ಹೆಚ್ಚು ಹೋದರೂ ಅದು ವ್ಯರ್ಥವಲ್ಲ.

ಇಷ್ಟಾದರೂ ತೆರೆಯದಿದ್ದರೆ ಕ್ವಾಡ್ರಿಸೆಪ್ಸ್ ಸ್ನಿಪ್. ಜಾನ್ ಇನ್‌ಸಾಲ್ ಬಳಕೆಗೆ ತಂದ ಈ ವಿಧಾನದಲ್ಲಿ ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ಸ್ನಾಯುರಜ್ಜುವನ್ನು ಅದರ ಮೇಲ್ತುದಿಯಲ್ಲಿ ಓರೆಯಾಗಿ ಹೊರಮೇಲಕ್ಕೆ ಕತ್ತರಿಸುತ್ತಾರೆ. ಹೊಲಿದ ಬಳಿಕ ವ್ಯಾಯಾಮದ ಕ್ರಮವನ್ನಾಗಲಿ, ಕಾಲೂರುವ ದಿನವನ್ನಾಗಲಿ ಬದಲಿಸಬೇಕಾಗಿಲ್ಲ. ಮೂರನೆಯ ಮಹಡಿಯ ಮನೆಗೆ ಹಿಂದಿರುಗುವ ರೋಗಿಗೆ ಇದು ದೊಡ್ಡ ಅನುಕೂಲ.

ಸ್ನಿಪ್ ಮೇಲ್ಗಡೆಯ ಬಿಗಿತಕ್ಕೆ ಮದ್ದು. ಚಿಪ್ಪು ಕೆಳಕ್ಕೆ ಜಗ್ಗಿ ನಿಂತಿದ್ದರೆ ಅಥವಾ ಹಳೆಯ ಕೀಲಿನ ಸಿಮೆಂಟ್ ಹಾಕಿದ ಉದ್ದ ಕಾಂಡವನ್ನು ಟಿಬಿಯಾದಿಂದ ಕೀಳಬೇಕಿದ್ದರೆ ಅದು ಸಾಲದು, ಉಬ್ಬನ್ನೇ ಮೂಳೆ ಸಮೇತ ಎಬ್ಬಿಸಬೇಕಾಗುತ್ತದೆ. ಲಿಯೊ ವೈಟ್‌ಸೈಡ್ ವಿವರಿಸಿದ ಕ್ರಮದಲ್ಲಿ ಸುಮಾರು 8ರಿಂದ 10 ಸೆಂ.ಮೀ. ಉದ್ದದ ಮೂಳೆತುಂಡನ್ನು, ಹೊರಬದಿಯ ಸ್ನಾಯುಗಳನ್ನು ಬಿಡಿಸದೆ, ಬಾಗಿಲ ರೆಕ್ಕೆಯಂತೆ ಹೊರಕ್ಕೆ ತೆರೆಯುತ್ತಾರೆ. ತುಂಡು ಮೇಲಕ್ಕೆ ಜಾರದಿರಲು ಮೇಲ್ತುದಿಯಲ್ಲಿ ಒಂದು ಮೆಟ್ಟಿಲು ಉಳಿಸಿ ಕೊನೆಗೆ ತಂತಿಯಿಂದ ಬಿಗಿಯುತ್ತಾರೆ. ಹೊಸ ಕಾಂಡ ಕೊಯ್ತದ ಕೆಳತುದಿಯನ್ನು ದಾಟಿ ಹೋಗಬೇಕು, ಇಲ್ಲದಿದ್ದರೆ ಅಲ್ಲೇ ಟಿಬಿಯಾ ಮುರಿಯುವ ಅಪಾಯವಿದೆ. ಮೂಳೆಗೆ ಮೂಳೆ ಕೂಡುವುದರಿಂದ ಈ ಜೋಡಣೆ ನಂಬುವಂಥದು. ಆದರೆ ಕೆಳಗೆ ಒಳ್ಳೆಯ ಮೂಳೆ ಉಳಿದಿರಬೇಕು.

ಇನ್ನೊಂದು ದಾರಿ ಟರ್ನ್‌ಡೌನ್. ಕೂನ್ಸ್ ಮತ್ತು ಆಡಮ್ಸ್ 1943ರಲ್ಲಿ ವಿವರಿಸಿದ ಇದರಲ್ಲಿ ಕ್ವಾಡ್ರಿಸೆಪ್ಸ್ ಸ್ನಾಯುರಜ್ಜುವನ್ನೇ ಕೆಳಕ್ಕೆ ಮಗುಚಲಾಗುತ್ತದೆ. ಚಿಪ್ಪಿನ ರಕ್ತಪೂರೈಕೆಗೆ ಧಕ್ಕೆ ತಗುಲಬಹುದು, ಕಾಲು ಪೂರ್ತಿ ನೀಡಲಾಗದ ಕೊರತೆಯೂ ಉಳಿಯಬಹುದು. ಬೇರೆ ದಾರಿಯೇ ಇಲ್ಲದಲ್ಲಿ ಮಾತ್ರ ಇದನ್ನು ಬಳಸುವುದು ಸರಿ.

ಬ್ಯಾರಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಸ್ನಿಪ್‌ನ ಫಲಿತಾಂಶ ಸಾಮಾನ್ಯ ದಾರಿಗೆ ಸಮನಾಗಿತ್ತು. ಟರ್ನ್‌ಡೌನ್ ಆದವರಲ್ಲಿ ಕಾಲು ನೀಡುವ ಕೊರತೆಯೂ ಉಬ್ಬಿನ ಮೂಳೆ ಕೊಯ್ಯಿಸಿಕೊಂಡವರಲ್ಲಿ ಮಂಡಿಯೂರುವ, ಬಾಗುವ ತೊಂದರೆಯೂ ಹೆಚ್ಚಿದ್ದವು. ನಮ್ಮ ರೋಗಿಗಳಿಗೆ ಮೊದಲನೆಯದು ಮೆಟ್ಟಿಲಿನ ಪ್ರಶ್ನೆ, ಎರಡನೆಯದು ನೆಲದ ಪ್ರಶ್ನೆ. ಆಕ್ಸ್‌ಫರ್ಡ್ ಮಂಡಿ ಪ್ರಶ್ನಾವಳಿ ಮಂಡಿಯೂರುವುದನ್ನೂ ಮೆಟ್ಟಿಲಿಳಿಯುವುದನ್ನೂ ಕೇಳುತ್ತದೆ, ಚಕ್ಕಂಬಕ್ಕಳ ಹಾಕುವುದನ್ನು ಕೇಳುವುದಿಲ್ಲ. ಕಳವಾ, ನೆರೂಲ್, ಕಾಮೋಠೆಯ ವೈದ್ಯಕೀಯ ಕಾಲೇಜುಗಳು ಆ ಪ್ರಶ್ನೆಯನ್ನೂ ಸೇರಿಸಿ, ತೆರೆದ ವಿಧಾನದ ಜೊತೆಗಿಟ್ಟು ದಾಖಲಿಸಿದರೆ ಇಲ್ಲಿಯದೇ ಉತ್ತರ ಸಿಗುತ್ತದೆ.

ತೆರೆಯುವ ದಾರಿಯನ್ನು ಮೊದಲೇ ಯೋಜಿಸಲು ಬೇಕಾದದ್ದು ಮೊದಲ ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಮೊದಲ ಸಲ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಮಂಡಿ ಬದಲಿಸಿಕೊಂಡವರು ಮರುಶಸ್ತ್ರಚಿಕಿತ್ಸೆಗೆ ಥಾಣೆಯಲ್ಲೋ ನವಿಮುಂಬಯಿಯಲ್ಲೋ ದಾಖಲಾಗಬಹುದು. ಬಿಡುಗಡೆ ಪತ್ರದಲ್ಲಿ ಕೀಲಿನ ಮಾದರಿ, ಅಳತೆ, ಕೊಯ್ದ ದಾರಿ, ಸ್ನಿಪ್ ಅಥವಾ ತಂತಿ ಬಳಸಿದ ವಿವರ ಇಷ್ಟು ಬರೆದಿದ್ದರೆ ಎರಡನೆಯ ಶಸ್ತ್ರಚಿಕಿತ್ಸಕರು ಎಲ್ಲಿ ಬಿಗಿತ ಎದುರಾಗುವುದೆಂದು ಚರ್ಮ ಕೊಯ್ಯುವ ಮುನ್ನವೇ ಅಂದಾಜಿಸಬಲ್ಲರು.