ಗೆದ್ದ ತಂಡ, ಪರರ ಅಂಗಣ: ಹ್ಯೂಸ್ಟನ್ ಕಾಮೆಟ್ಸ್ (1997–2008)

ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆ ಬರೆಯುವವರು ಹ್ಯೂಸ್ಟನ್ ಕಾಮೆಟ್ಸ್ ಹೆಸರು ಬಂದೊಡನೆ ಟ್ರೋಫಿ ಎಣಿಸತೊಡಗುತ್ತಾರೆ. ಡಬ್ಲ್ಯುಎನ್‌ಬಿಎ ಲೀಗಿನ ಮೊದಲ ನಾಲ್ಕೂ ಪ್ರಶಸ್ತಿಗಳು, 1997ರಿಂದ 2000ದವರೆಗೆ, ಇದೊಂದೇ ತಂಡದ ಪಾಲಾದವು. ಇಷ್ಟು ಗೆದ್ದ ತಂಡ ಹನ್ನೆರಡೇ ಋತುಗಳಲ್ಲಿ ಬಾಗಿಲು ಮುಚ್ಚಿದ್ದೇಕೆ? ಉತ್ತರ ಬೇಕಿದ್ದರೆ ಟ್ರೋಫಿಗಳನ್ನು ಬದಿಗಿಟ್ಟು, ತಂಡದ ಒಡೆಯರು ಯಾರು, ಅಂಗಣ ಯಾರದು ಎಂದು ಕೇಳಬೇಕು.

1997ರ ಜೂನ್‌ನಲ್ಲಿ ಲೀಗ್ ಶುರುವಾದಾಗ ಇದ್ದದ್ದು ಎಂಟು ತಂಡ. ಒಂದೊಂದನ್ನೂ ಆಯಾ ಊರಿನ ಪುರುಷರ ಎನ್‌ಬಿಎ ತಂಡ ನಡೆಸುತ್ತಿತ್ತು. ಗಂಡಸರ ಋತು ಮುಗಿದು ಖಾಲಿ ಬಿದ್ದ ಅಂಗಣದಲ್ಲಿ ಬೇಸಿಗೆಯಲ್ಲಿ ಹೆಂಗಸರ ಆಟ. ಕಾಮೆಟ್ಸ್‌ಗೆ ಆಸರೆಯಾಗಿದ್ದದ್ದು ಹ್ಯೂಸ್ಟನ್‌ನ ಪುರುಷರ ತಂಡ ರಾಕೆಟ್ಸ್; ಅಂಗಣದ ಹೆಸರು ಸಮಿಟ್.

ಲೀಗಿನ ಪ್ರಚಾರದ ಮುಖವಾಗಿದ್ದ ಕಾಮೆಟ್ಸ್ ಆಟಗಾರ್ತಿ ಶೆರಿಲ್ ಸ್ವೂಪ್ಸ್ ಆ ಜೂನ್‌ನಲ್ಲೇ ಹೆತ್ತು, ಆರು ವಾರಕ್ಕೆ ಅಂಗಣಕ್ಕಿಳಿದರು. ಅಲ್ಲಿಯವರೆಗೆ ತಂಡವನ್ನು ಹೊತ್ತವರು ಸಿಂಥಿಯಾ ಕೂಪರ್. ಆಗ ಅವರಿಗೆ 34. ತಾಯ್ನಾಡಿನಲ್ಲಿ ಲೀಗ್ ಇಲ್ಲದ್ದರಿಂದ ಸ್ಪೇನ್, ಇಟಲಿಗಳಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಆಡಿ ಮರಳಿದ್ದ ಆಟಗಾರ್ತಿ. ನಾಲ್ಕೂ ಫೈನಲ್‌ಗಳ ಶ್ರೇಷ್ಠ ಆಟಗಾರ್ತಿ ಅವರೇ. ಎರಡೂ ಅಂಗೈಗಳಿಂದ ಛಾವಣಿಯನ್ನು ಮೇಲಕ್ಕೆತ್ತುವಂತೆ ಅವರು ಕೈಯಾಡಿಸಿದರೆ ಪ್ರೇಕ್ಷಕರೂ ಎದ್ದು ನಿಲ್ಲುತ್ತಿದ್ದರು. 1998ರಲ್ಲಿ ತಂಡ ಲೀಗ್ ಹಂತದ 30 ಪಂದ್ಯಗಳಲ್ಲಿ ಸೋತದ್ದು ಮೂರೇ ಮೂರು.

ನನ್ನ ದೃಷ್ಟಿಯಲ್ಲಿ ಈ ತಂಡದ ನಿಜವಾದ ವರ್ಷ ಮಾತ್ರ 1999. ಆಯ್ಕೆ ಪಟ್ಟಿಯಲ್ಲಿ ಯಾರೂ ಕರೆಯದೆ, ಟ್ರಯಲ್‌ಗೆ ಬಂದು ಜಾಗ ಗಿಟ್ಟಿಸಿಕೊಂಡಿದ್ದ ಪುಟ್ಟ ಗಾರ್ಡ್ ಕಿಮ್ ಪೆರೋ ಆ ಆಗಸ್ಟ್ 19ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಅಂಗಿಯ ಸಂಖ್ಯೆ 10. ಹತ್ತಕ್ಕಾಗಿ ಮೂರನೆಯ ಪ್ರಶಸ್ತಿ ಎಂದು ಊರೇ ಹಟ ಹಿಡಿಯಿತು. ಸೆಪ್ಟೆಂಬರ್ 4ರಂದು, ಫೈನಲ್‌ನ ಎರಡನೇ ಪಂದ್ಯದಲ್ಲಿ, 2.4 ಸೆಕೆಂಡು ಉಳಿದಿದ್ದಾಗ ಹ್ಯೂಸ್ಟನ್ 67–65ರಿಂದ ಮುಂದಿತ್ತು. ನ್ಯೂಯಾರ್ಕ್‌ನ ತೆರೆಸಾ ವೆದರ್‌ಸ್ಪೂನ್ ಅಂಗಣದ ನಡುಭಾಗದಿಂದಲೇ ಎಸೆದ ಚೆಂಡು ಹಲಗೆಗೆ ಬಡಿದು ಬಲೆಯೊಳಕ್ಕೆ ಇಳಿಯಿತು: 68–67. ಮರುದಿನ ಹ್ಯೂಸ್ಟನ್ 59–47ರಿಂದ ಗೆದ್ದು ಮೂರನೆಯ ಪ್ರಶಸ್ತಿ ಪಡೆಯಿತು.

2002ರಲ್ಲಿ ಲೀಗ್ ತನ್ನ ಒಡೆತನದ ನಿಯಮ ಬದಲಿಸಿ, ಎನ್‌ಬಿಎ ಹೊರಗಿನವರಿಗೂ ತಂಡ ಕೊಳ್ಳಲು ಅವಕಾಶ ಕೊಟ್ಟಿತು. ಕನೆಕ್ಟಿಕಟ್‌ನಂಥ ಕಡೆ ಇದೇ ನಿಯಮ ಹೊಸ ಬಾಗಿಲು ತೆರೆಯಿತೆನ್ನಬಹುದು; ಹ್ಯೂಸ್ಟನ್‌ಗೆ ಒಗ್ಗಲಿಲ್ಲ. ರಾಕೆಟ್ಸ್ ಒಡೆಯ ಲೆಸ್ಲಿ ಅಲೆಕ್ಸಾಂಡರ್ 2007ರಲ್ಲಿ ಕಾಮೆಟ್ಸನ್ನು ಪೀಠೋಪಕರಣ ವ್ಯಾಪಾರಿ ಹಿಲ್ಟನ್ ಕೋಚ್‌ಗೆ ಮಾರಿದರು. ಸಮಿಟ್ ಆಗಲೇ ಲೇಕ್‌ವುಡ್ ಚರ್ಚ್ ಆಗಿತ್ತು. ರಾಕೆಟ್ಸ್ ಜೊತೆ ಹಂಚಿಕೊಂಡಿದ್ದ ಟೊಯೋಟಾ ಸೆಂಟರ್ ಬಿಟ್ಟು 2008ಕ್ಕೆ ತಂಡ ಇನ್ನೂ ಚಿಕ್ಕದಾದ ರಿಲಯಂಟ್ ಅರೀನಾಕ್ಕೆ ಹೋಯಿತು. ಅದೇ ವರ್ಷ ಹಿಲ್ಟನ್ ಕೋಚ್ ತಂಡವನ್ನು ಮಾರಾಟಕ್ಕಿಟ್ಟರು. ಕೊಳ್ಳುವವರು ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಐಕ್ ಚಂಡಮಾರುತ ಹ್ಯೂಸ್ಟನ್ನಿಗೆ ಬಡಿದಾಗ ಕೊನೆಯ ಪಂದ್ಯ ಸ್ಯಾನ್ ಮಾರ್ಕೋಸ್‌ನ ವಿಶ್ವವಿದ್ಯಾಲಯದ ಅಂಗಣಕ್ಕೆ ಸ್ಥಳಾಂತರವಾಯಿತು. ಡಿಸೆಂಬರ್‌ನಲ್ಲಿ ಲೀಗ್ ತಂಡವನ್ನು ವಿಸರ್ಜಿಸಿ, ಆಟಗಾರ್ತಿಯರನ್ನು ಉಳಿದ ತಂಡಗಳಿಗೆ ಹಂಚಿತು. ಮೊದಲ ಋತುವಿನಿಂದ ಹನ್ನೆರಡೂ ಋತು ಆಡಿದ್ದ ಟೀನಾ ಥಾಂಪ್ಸನ್ ಆ ಹಂಚಿಕೆಯಲ್ಲಿರಲಿಲ್ಲ. ಅವರ ಒಪ್ಪಂದ ಮುಗಿದಿತ್ತು; ತಾವೇ ಲಾಸ್ ಏಂಜಲೀಸ್ ತಂಡವನ್ನು ಸೇರಿಕೊಂಡರು.