ಠಾಣೆ ಪರಿಸರದ ಕನ್ನಡ ದೃಶ್ಯದಾಖಲೆಗಳು: ಒಂದು ಟಿಪ್ಪಣಿ

1787ರಲ್ಲಿ ಠಾಣೆಯ ಕೋಟೆಯ ಪರಿಸರದಲ್ಲಿ ಅಗೆಯುವಾಗ ಉತ್ತರ ಕೊಂಕಣದ ಶಿಲಾಹಾರ ದೊರೆ ಅರಿಕೇಸರಿಯ ತಾಮ್ರಶಾಸನ ದೊರೆಯಿತು. ಶಕವರ್ಷ 939ರ, ಎಂದರೆ ಕ್ರಿ.ಶ. 1017ರ, ಆ ಶಾಸನವನ್ನು 770 ವರ್ಷಗಳ ತರುವಾಯವೂ ಓದಲು ಸಾಧ್ಯವಾಯಿತು. ಅದೇ ಠಾಣೆಯಲ್ಲಿ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರು ನಮ್ಮ ಕಾಲದಲ್ಲಿ ಸಿದ್ಧಪಡಿಸಿದ ದೃಶ್ಯದಾಖಲೆಗಳಿಗೆ ಅಂತಹ ಆಯುಸ್ಸಿಲ್ಲ.

ಬರೆಯಬಲ್ಲ ಸಿ.ಡಿ.ಯ ಪ್ರಮಾಣಸೂತ್ರ 1990ರಲ್ಲಿ ರೂಪುಗೊಂಡಿತು, ಬರೆಯಬಲ್ಲ ಡಿ.ವಿ.ಡಿ. 1997ರಲ್ಲಿ ಬಂದಿತು. ಇವುಗಳ ಬೆಲೆ ಇಳಿದಂತೆ ಯಕ್ಷಗಾನ, ತಾಳಮದ್ದಲೆ, ಹವ್ಯಾಸಿ ನಾಟಕ, ಸಂಘದ ವಾರ್ಷಿಕೋತ್ಸವ, ಕಿರುಚಿತ್ರಗಳನ್ನು ಜನರು ಸ್ವತಃ ಚಿತ್ರೀಕರಿಸಿ, ಮನೆಯ ಗಣಕಯಂತ್ರದಲ್ಲಿ ಕೆಲವೇ ಪ್ರತಿಗಳನ್ನು ತೆಗೆದು ಹಂಚುವುದು ಸಾಧ್ಯವಾಯಿತು. ಇವಕ್ಕೆ ಪ್ರಕಾಶಕರಿಲ್ಲ, ಪ್ರಮಾಣಪತ್ರವಿಲ್ಲ. ಗ್ರಂಥಗಳನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ 1954ರ ಕಾಯಿದೆ 1956ರಲ್ಲಿ ಪತ್ರಿಕೆಗಳಿಗೆ ವಿಸ್ತರಿಸಿತೇ ಹೊರತು ಚಲನಚಿತ್ರಗಳನ್ನು ಒಳಗೊಳ್ಳಲಿಲ್ಲ. ಆದುದರಿಂದ ಸಂಘದ ಗ್ರಂಥಾಲಯಕ್ಕೆ ಬಂದ ಪ್ರತಿಯೇ ಏಕೈಕ ಪ್ರತಿಯಾಗಿರುವ ಸಂಭವವುಂಟು.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿಗೂ ಮನೆಯಲ್ಲಿ ಬರೆದ ಡಿಸ್ಕಿಗೂ ಮೂಲಭೂತ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಾಹಿತಿಯು ಕುಳಿಗಳ ರೂಪದಲ್ಲಿ ಅಚ್ಚಾಗಿರುತ್ತದೆ. ಎರಡನೆಯದರಲ್ಲಿ ಲೇಸರ್ ಕಿರಣವು ಸಾವಯವ ಬಣ್ಣದ ಪದರದ ಮೇಲೆ ಗುರುತು ಮಾಡಿರುತ್ತದೆ. ಬೆಳಕು, ಶಾಖ, ತೇವಗಳಿಗೆ ಈ ಬಣ್ಣ ಮಾಸುತ್ತದೆ. ಕೊಂಕಣದ ಮಳೆಗಾಲ ಇದಕ್ಕೆ ಪ್ರತಿಕೂಲ. 2005ರ ಜುಲೈ 26ರ ಮಹಾಪೂರದಲ್ಲಿ ಕಲ್ಯಾಣದ ತಗ್ಗು ಪ್ರದೇಶಗಳು ಜಲಾವೃತವಾದುದನ್ನು ನೆನೆದರೆ ನೆಲ ಅಂತಸ್ತಿನ ಕಪಾಟುಗಳ ಸ್ಥಿತಿಯನ್ನು ಊಹಿಸಬಹುದು. ಅಂಟಿಸಿದ ಕಾಗದದ ಚೀಟಿಯೂ ಹಾನಿಕರ. ನೀರು ಆಧಾರಿತ ಶಾಯಿಯಿಂದ ನಡುವಣ ಪಾರದರ್ಶಕ ವಲಯದಲ್ಲಿ ಮಾತ್ರ ಬರೆಯುವುದು ಕ್ಷೇಮ. ಕ್ಯಾಮರಾದಲ್ಲಿಯೇ ಬರೆದು 'ಅಂತಿಮ'ಗೊಳಿಸದ ಡಿಸ್ಕುಗಳು ಇತರ ಯಂತ್ರಗಳಲ್ಲಿ ತೆರೆದುಕೊಳ್ಳದಿರುವುದೂ ಉಂಟು. ಅಂಥವನ್ನು ಹಾಳಾದುವೆಂದು ಎಸೆಯಲಾಗದು.

ಪ್ರತಿ ಮಾಡಿಕೊಳ್ಳುವುದೇ ಉಪಾಯ. ಆದರೆ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು, ಅಂಕೀಯವಲ್ಲದ ಪ್ರತಿ ತನ್ನಲ್ಲಿದ್ದರೆ ಮಾತ್ರ ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ವಿದ್ಯುನ್ಮಾನ ಪ್ರತಿಯನ್ನಿಡಬಹುದೆನ್ನುತ್ತದೆ. ಡಿಸ್ಕು ಹುಟ್ಟಿನಿಂದಲೇ ಅಂಕೀಯವಾದುದರಿಂದ ಈ ವಿನಾಯಿತಿ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ಆದ್ದರಿಂದ ಸ್ವೀಕರಿಸುವಾಗಲೇ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯುವುದು ಅವಶ್ಯ.

ಹಳಗನ್ನಡ, ನಡುಗನ್ನಡ ಕೃತಿಗಳು ನಮಗೆ ಉಳಿದುಬಂದುದು ಓಲೆಯ ಗಟ್ಟಿತನಕ್ಕಿಂತ ಲಿಪಿಕಾರರ ಶ್ರದ್ಧೆಯಿಂದ. ಓಲೆ ಶಿಥಿಲವಾಗುವ ಮುನ್ನ ಅವರು ಪ್ರತಿ ಮಾಡಿದರು. ಕೊನೆಯಲ್ಲಿ ಅನೇಕರು ಕಾಲವನ್ನೂ ತಮ್ಮ ಹೆಸರನ್ನೂ ಬರೆದಿಟ್ಟರು. ಡಿಸ್ಕಿಗೂ ಅದೇ ವಿಧಿ ಸಲ್ಲುತ್ತದೆ. ಪ್ರದರ್ಶನದ ದಿನಾಂಕ, ಸ್ಥಳ, ಪಾತ್ರಧಾರಿಗಳು, ಚಿತ್ರೀಕರಿಸಿದವರು, ಈ ನಾಲ್ಕನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಹೊರನಾಡ ಕನ್ನಡದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಸ್ಮರಣಸಂಚಿಕೆಗಳು ಹೆಸರುಗಳನ್ನು ಒದಗಿಸಿಯಾವು; ದನಿಯನ್ನೂ ಅಭಿನಯವನ್ನೂ ಒದಗಿಸಬಲ್ಲವು ಈ ಡಿಸ್ಕುಗಳು ಮಾತ್ರವೆಂಬುದು ನಮ್ಮ ಅಭಿಪ್ರಾಯ.