ಶಸ್ತ್ರದ ನಂತರದ ಹನಿ

ಮಲೇಷ್ಯಾ ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ ನಾಡು. ವರ್ಷವಿಡೀ ನೆತ್ತಿ ಸುಡುವ ಬಿಸಿಲು, ಕಡಲಿನಿಂದ ಕಣ್ಣಿಗೆ ರಾಚುವ ಬೆಳಕು. ಇಲ್ಲಿನ ಮೀನುಗಾರರಿಗೂ ಗದ್ದೆಯಲ್ಲಿ ದುಡಿಯುವವರಿಗೂ ಕಣ್ಣಿನ ಒಂದು ತೊಂದರೆ ಹೊಸದಲ್ಲ: ಬಿಳಿಗುಡ್ಡೆಯ ಮೇಲಿಂದ, ಹೆಚ್ಚಾಗಿ ಮೂಗಿನ ಕಡೆಯಿಂದ, ಮಾಂಸದ ತೆಳುಪದರವೊಂದು ಕರಿಗುಡ್ಡೆಯತ್ತ ಹಬ್ಬುತ್ತದೆ. ವೈದ್ಯರು ಇದನ್ನು ಟೆರಿಜಿಯಂ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಪುಟ್ಟ ರೆಕ್ಕೆ. ನಮ್ಮೂರಲ್ಲಿ ‘ಕಣ್ಣಲ್ಲಿ ಮಾಂಸ ಬೆಳೆದಿದೆ’ ಎನ್ನುತ್ತೇವೆ. ಪೊರೆ ಬೇರೆ, ಇದು ಬೇರೆ. ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 37 ಡಿಗ್ರಿಯವರೆಗಿನ ಪಟ್ಟಿಯಲ್ಲಿ ಇದು ಹೆಚ್ಚೆಂದು 1965ರಲ್ಲಿ ಕ್ಯಾಮರಾನ್ ಗುರುತಿಸಿದರು. ಮಲೇಷ್ಯಾ, ಕರ್ನಾಟಕ ಎರಡೂ ಆ ಪಟ್ಟಿಯೊಳಗೇ ಇವೆ.

ಈ ಮಾಂಸವನ್ನು ಕತ್ತರಿಸುವುದು ಬಹಳ ಹಳೆಯ ವಿದ್ಯೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಇದನ್ನು ‘ಅರ್ಮ’ ಎಂದು ಕರೆದು ಐದು ಬಗೆ ಹೇಳುತ್ತದೆ. ಕೊಕ್ಕೆಯಿಂದ ಎತ್ತಿ ಹಿಡಿದು ಕತ್ತರಿಸಬೇಕು, ಕಣ್ಣಿನ ಮೂಲೆಗೆ ಪೆಟ್ಟಾಗಬಾರದು, ಕಡಿಮೆ ಕತ್ತರಿಸಿದರೆ ಬೇಗನೆ ಮತ್ತೆ ಬೆಳೆಯುತ್ತದೆ ಎಂಬ ಎಚ್ಚರಿಕೆಗಳೂ ಅಲ್ಲಿವೆ. ಗಮನಿಸಬೇಕಾದದ್ದು ಅದರ ಮುಂದಿನ ಮಾತು. ನೋವಿದ್ದರೆ ಹೊಂಗೆಬೀಜ, ನೆಲ್ಲಿ, ಅತಿಮಧುರ ಹಾಕಿ ಕಾಯಿಸಿದ ಹಾಲಿಗೆ ಜೇನು ಬೆರೆಸಿ ದಿನಕ್ಕೆ ಎರಡು ಬಾರಿ ಕಣ್ಣಿಗೆ ಹನಿಸಬೇಕು. ಶಸ್ತ್ರದ ಕೆಲಸ ಮುಗಿದ ಮೇಲೆ ಹನಿಯ ಕೆಲಸ ಶುರುವಾಗುತ್ತದೆಂಬ ತಿಳಿವಳಿಕೆ ಅಷ್ಟು ಹಿಂದಿನದು.

ಇಪ್ಪತ್ತನೆಯ ಶತಮಾನದ ವೈದ್ಯರನ್ನೂ ಕಾಡಿದ್ದು ಮತ್ತೆ ಬೆಳೆಯುವ ಹಟವೇ. ಮಾಂಸ ತೆಗೆದು ಬಿಳಿಗುಡ್ಡೆಯನ್ನು ಬರಿದಾಗಿ ಬಿಟ್ಟರೆ ಅನೇಕರಿಗೆ ಅದು ಮರಳಿ ಬರುತ್ತಿತ್ತು. ಆಗ ಹನಿಗೆ ಹೊಸ ಕೆಲಸ ಬಂತು: ವಾಸಿಮಾಡುವುದಲ್ಲ, ಬೆಳವಣಿಗೆಯನ್ನು ತಡೆಯುವುದು. ಜಪಾನಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ, ಕ್ಯಾನ್ಸರಿಗೆ ಬಳಸುವ ಮೈಟೊಮೈಸಿನ್ ಎಂಬ ಔಷಧವನ್ನು ಅಲ್ಲಿನ ಕುನಿತೊಮೊ ಮತ್ತು ಮೋರಿ 1963ರಲ್ಲಿ ಇದಕ್ಕೆ ಬಳಸಿದರು. 1988ರ ನಂತರ ಅಮೆರಿಕದಲ್ಲೂ ಅದು ಪ್ರಚಾರಕ್ಕೆ ಬಂತು. ಮಾಂಸ ಮರಳುವುದು ಕಡಿಮೆಯಾಯಿತು. ಆದರೆ 1992ರ ಹೊತ್ತಿಗೆ ಹನಿ ಹಾಕಿಕೊಂಡ ಕೆಲವರ ಬಿಳಿಗುಡ್ಡೆ ಕರಗಿ ತೆಳುವಾದ, ದೃಷ್ಟಿಗೇ ಅಪಾಯವಾದ ವರದಿಗಳು ಬಂದವು. ಬೇಡದ ಮಾಂಸ ಬೆಳೆಯುವುದೂ ಬೇಕಾದ ಗಾಯ ಮಾಯುವುದೂ ಜೀವಕೋಶಗಳು ಹೆಚ್ಚುವುದರಿಂದಲೇ. ಒಂದನ್ನು ಪೂರಾ ತಡೆದರೆ ಇನ್ನೊಂದೂ ನಿಲ್ಲುತ್ತದೆ.

ಪರಿಹಾರದ ದಾರಿ ಅಷ್ಟರಲ್ಲೇ ತೆರೆದಿತ್ತು. 1985ರಲ್ಲಿ ಕೆನ್ಯನ್ ಮತ್ತು ಸಂಗಡಿಗರು ರೋಗಿಯ ಕಣ್ಣಿನದೇ ಆರೋಗ್ಯವಂತ ಪದರವನ್ನು ಬರಿದಾದ ಜಾಗಕ್ಕೆ ಕಸಿ ಮಾಡುವ ಕ್ರಮವನ್ನು ಪ್ರಕಟಿಸಿದರು. ತಡೆಯುವ ಹೊಣೆಯನ್ನು ಕಸಿ ಹೊತ್ತುಕೊಂಡಾಗ ಹನಿ ತನ್ನ ಮೊದಲ ಕೆಲಸಕ್ಕೆ ಮರಳಿತು. ಈಗ ಸೋಂಕು ತಡೆಯಲು ಆಂಟಿಬಯಾಟಿಕ್, ಉರಿಯೂತ ಇಳಿಸಲು ಸ್ಟೀರಾಯ್ಡ್, ಮೇಲ್ಪದರ ಒಣಗದಂತೆ ಕೃತಕ ಕಣ್ಣೀರು ಕೊಡುತ್ತಾರೆ. ಮೇಲ್ಪದರ ಮುಚ್ಚಿಕೊಳ್ಳಲು ತಡವಾದರೆ ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಸೀರಂ ಹನಿಯೂ ಉಂಟು; ಕಣ್ಣೀರಿನಲ್ಲಿರುವ ಪೋಷಕಾಂಶಗಳಲ್ಲಿ ಹಲವು ಅದರಲ್ಲಿವೆ.

ಸುಶ್ರುತನ ಜೇನು ಮಲೇಷ್ಯಾದಲ್ಲಿ ಬೇರೆ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಇಲ್ಲಿನ ಕಾಡಿನ ಎತ್ತರದ ತುವಾಲಂಗ್ ಮರಗಳಲ್ಲಿ ಗೂಡು ಕಟ್ಟುವುದು ನಮ್ಮ ಮಲೆನಾಡಿನ ಹೆಜ್ಜೇನೇ. ಕೆಲಂತಾನಿನಲ್ಲಿರುವ ಸೈನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಷಾರದಿಂದ ಸುಟ್ಟ ಮೊಲದ ಕಣ್ಣಿನ ಮೇಲೆ ಆ ಜೇನನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೇನಿಗೂ ರೂಢಿಯ ಚಿಕಿತ್ಸೆಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದು ಪ್ರಯೋಗಾಲಯದ ಮಾತು; ಅಡುಗೆಮನೆಯ ಜೇನುಬಾಟಲಿಗೆ ಅನ್ವಯಿಸುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಊರಿಗೆ ಹೋದಾಗ ಔಷಧ ಕಟ್ಟಿಕೊಂಡು ಬರುವ ಅಭ್ಯಾಸವಿದೆ. ಹಳೆಯ ಚೀಟಿಯ ಸ್ಟೀರಾಯ್ಡ್ ಹನಿ ಕೆಂಪು ಕಣ್ಣನ್ನು ಎರಡೇ ದಿನದಲ್ಲಿ ಬಿಳಿಯಾಗಿಸಬಹುದು. ಆದರೆ ವೈದ್ಯರು ನೋಡದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಆಗ ಹೋದ ದೃಷ್ಟಿ ಮರಳುವುದಿಲ್ಲ. ಯಾವ ಹನಿ, ಎಷ್ಟು ದಿನ ಎಂಬುದನ್ನು ಶಸ್ತ್ರ ಹಿಡಿದವರೇ ಹೇಳಬೇಕು. ಸುಶ್ರುತನೂ ದಿನಕ್ಕೆ ಎರಡು ಬಾರಿ ಎಂದು ಲೆಕ್ಕವಿಟ್ಟೇ ಹೇಳಿದ್ದ.